ಅರ್ಥ ಆಯ್ತಲ್ಲ?

ಟಿ. ನರಸೀಪುರದ ‘ಟಿ’ ಅಂದರೇನು ಎಂದು ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ನೋಡಿ. ‘ಟಿ ಅಂದ್ರೆ ಟೀನೇ ಕಣಣ್ಣ, ಹತ್ತು ಮೊದ್ಲು’ ಅಂತಾರೆ. ತಿರುಮಕೂಡಲು ಎಂಬ ಆರಕ್ಷರ ಇಂಗ್ಲಿಷಿನ ಒಂದಕ್ಷರದಲ್ಲಿ ಮುಳುಗಿಹೋಗಿದೆ. ‘ಕೂಡಲು’ ಅಂದರೆ ಸಂಗಮ. ಅದೂ ಜೊತೆಗೇ ಮುಳುಗಿತು. ಆ ಸಂಗಮದಲ್ಲಿ ಕಾವೇರಿ ಕಾಣುತ್ತದೆ, ಕಪಿಲೆ ಕಾಣುತ್ತದೆ. ಮೂರನೆಯದಾದ ಸ್ಫಟಿಕ ಸರೋವರ ಮಾತ್ರ ಗುಪ್ತ. ಕಾಣದ್ದನ್ನೂ ಲೆಕ್ಕಕ್ಕೆ ಹಿಡಿದೇ ಅದು ತ್ರಿವೇಣಿ, 1989ರಲ್ಲಿ ಕುಂಭಮೇಳ ಶುರುವಾದದ್ದೂ ಆ ಲೆಕ್ಕದ ಮೇಲೆಯೇ. ನಮ್ಮ ಮಾತೂ ಹಾಗೇ: ಎರಡು ಹೊಳೆ ಬಾಯಲ್ಲಿ, ಒಂದು ಹೊಟ್ಟೆಯಲ್ಲಿ.

ನಂಜನಗೂಡಿನ ದೇವರೇನು ಕಡಿಮೆ? ನಂಜನ್ನು ಉಗುಳಲಿಲ್ಲ, ಪೂರ್ತಿ ನುಂಗಲೂ ಇಲ್ಲ. ಗಂಟಲಲ್ಲೇ ಇಟ್ಟುಕೊಂಡು ಶ್ರೀಕಂಠನಾದ. ನಾವೂ ಅವನ ಭಕ್ತರೇ ತಾನೆ. ‘ನಿಮಗೆ ಹೆಣ್ಣು ಕೊಡಲು ಇಷ್ಟವಿಲ್ಲ’ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದುಂಟೇ? ‘ಜಾತಕ ಕೂಡಿಬರಲಿಲ್ಲ.’ ಹುಡುಗನ ಸಂಬಳ ಕಡಿಮೆಯಿದ್ದ ತಪ್ಪಿಗೆ ಪಾಪ, ಶನಿ ಕುಜರು ಎಷ್ಟು ಸಲ ಬೈಸಿಕೊಂಡಿದ್ದಾರೋ!

ಇದರಲ್ಲಿ ಒಳ್ಳೆಯದೂ ಉಂಟು. ಬಳೆ ಒಡೆಯುವುದಿಲ್ಲ, ‘ಹೆಚ್ಚುತ್ತದೆ’. ಕತ್ತಲಾದ ಮೇಲೆ ಹಾವು ‘ಹುಳ’ವಾಗುತ್ತದೆ. ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಬತ್ತೀನಿ’ ಅನ್ನಬೇಕು; ಸಾವಾದ ಮನೆಯಿಂದ ಮಾತ್ರ ಅದನ್ನೂ ಅನ್ನದೆ ಎದ್ದು ಬರಬೇಕು. ಹೆದರಿಕೆಗೆ ಹೊದಿಸಿದ ಕಂಬಳಿ ಇದು. ಒಳಗೇನಿದೆ ಎಂದು ಎಲ್ಲರಿಗೂ ಗೊತ್ತು, ಯಾರಿಗೂ ನಷ್ಟವಿಲ್ಲ.

ಆಡದೆ ಹೊಳೆಯುವ ಈ ಅರ್ಥವನ್ನು 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿ ಎಂದು ಕರೆದು ಕಾವ್ಯದ ಆತ್ಮದ ಪಟ್ಟ ಕಟ್ಟಿದ. ಮಾತಾಡುವವರು ಪರಸ್ಪರ ಸಹಕರಿಸುತ್ತಾರೆಂಬ ನಂಬಿಕೆಯಿಂದಲೇ ಹೇಳದ್ದೂ ತಿಳಿಯುತ್ತದೆ ಎಂದು 1975ರಲ್ಲಿ ಗ್ರೈಸ್ ಎಂಬ ತತ್ತ್ವಜ್ಞಾನಿ ಬರೆದ. ಇಬ್ಬರೂ ಮಹಾನುಭಾವರೇ. ಖಾತೆ ಬದಲಾವಣೆಗೆ ಅರ್ಜಿ ಹಾಕಿ ಬೆಂಚಿನ ಮೇಲೆ ಕೂತವರಲ್ಲ, ಅಷ್ಟೆ.

ಯಾವ ಕಚೇರಿಯ ಬೆಂಚು ಎಂದು ನಾನು ಹೇಳುವುದಿಲ್ಲ. ನಿಮಗೆ ಅರ್ಥವಾಗಿರುತ್ತದೆ.

‘ಬುದ್ದೀ, ನನ್ ಖಾತೆ ಏನಾಯ್ತು?’ ಎಂದಳು ಅಜ್ಜಿ. ‘ನಾಳೆ ಬನ್ನಿ’ ಅಂದರು. ಮಾರನೆಯ ದಿನ ಬಂದಳು. ‘ನೋಡೋಣ’ ಅಂದರು. ಸಂಜೆವರೆಗೆ ಕೂತು ನೋಡಿದಳು. ಕೊನೆಗೆ ಒಬ್ಬರು ಕನಿಕರದಿಂದ, ‘ಫೈಲು ಹಗುರ ಅದೆ ಅಜ್ಜಿ, ವಸಿ ತೂಕ ಬೇಕು’ ಅಂದರು. ಅಜ್ಜಿ ಇದ್ದಬದ್ದ ಕಾಗದವನ್ನೆಲ್ಲ ಜೆರಾಕ್ಸ್ ಮಾಡಿಸಿ ಒಂದು ಚೀಲ ಹೊತ್ತು ತಂದಳು. ಕಚೇರಿ ಬಿದ್ದು ಬಿದ್ದು ನಕ್ಕಿತು.

ತೊಂಬತ್ತರ ದಶಕದಲ್ಲಿ ನಮ್ಮ ನಾಡಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ದೆವ್ವ ಓದಿಕೊಂಡು ಹಿಂದಿರುಗುತ್ತಿತ್ತಂತೆ, ಮರುದಿನ ತಪ್ಪದೆ ಬರುತ್ತಿತ್ತಂತೆ. ಆಡಿದ ಕನ್ನಡವನ್ನು ಹಾಗೇ ನಂಬಿ ಕೆಟ್ಟವರು ಇಬ್ಬರೇ: ಆ ದೆವ್ವ, ಈ ಅಜ್ಜಿ.

ಸರೀಕರ ನಡುವೆ ಆಡದ ಮಾತು ಮರ್ಯಾದೆ. ನಡುವೆ ಒಂದು ಮೇಜು ಬಂದರೆ ಅದೇ ಮಾತು ವಸೂಲಿ. ಬಾಯಿಬಿಡದವನಿಗೆ ಜವಾಬ್ದಾರಿಯಿಲ್ಲ, ಅರ್ಥ ಮಾಡಿಕೊಳ್ಳದವಳಿಗೆ ದಂಡ. ‘ನಾನು ದುಡ್ಡು ಕೇಳಿದ್ನಾ?’ ಎಂದು ಎದೆ ತಟ್ಟಿ ಹೇಳಬಹುದು. ಕೇಳಿಲ್ಲ, ನಿಜ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹೆಸರಾದ ಕ್ಷೇತ್ರ ನರಸೀಪುರ. ಗುಂಜಾ ನರಸಿಂಹಸ್ವಾಮಿಗೆ ಆ ಹೆಸರು ಬಂದದ್ದೂ ಆ ಗುಲಗಂಜಿಯಿಂದಲೇ. ಕಾಶಿಯನ್ನು ಮೀರಿಸಲು ಅಷ್ಟು ತೂಕ ಸಾಕು. ಫೈಲು ಅಲುಗಾಡಲು ಸಾಲದು.

ಮೊನ್ನೆ ಅಜ್ಜಿ ಮಗನ ಜೊತೆ ಬಂದಳು. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಅರ್ಧ ಗಂಟೆಯಲ್ಲಿ ಖಾತೆ ಆಯಿತು. ‘ಆಯ್ತಲ್ಲ ಅಜ್ಜಿ, ಖುಷಿನಾ?’ ಎಂದು ಎಲ್ಲರೂ ವಿಚಾರಿಸಿಕೊಂಡರು.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. ‘ಬತ್ತೀನಿ’ ಅನ್ನದೆ ಹೊರಟಳು.