ಮೂರು ಕೋಶಗಳ ಸಂಸಾರ

ಕೋಲ್ಕತ್ತದ ಬಾಲಿಗಂಜಿನ ಗುರುಸದಯ ರಸ್ತೆಯಲ್ಲಿ 1959ರಿಂದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಮಕ್ಕಳಿಗೆ ವಿಜ್ಞಾನದ ಮರ್ಯಾದೆಯನ್ನು ಕಲಿಸುತ್ತ ಬಂದಿದ್ದರೂ, ಆಟದ ವಿಮಾನ ಹಾರಿಸುವ ಹವ್ಯಾಸಿಯು, ಆ ಬಡಾವಣೆಯವನಾಗಲಿ ಬಸವನಗುಡಿಯವನಾಗಲಿ, ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಹಾಸಿಗೆಯ ಮೇಲೆಯೇ ಚಾರ್ಜಿಗಿಟ್ಟು ಊಟಕ್ಕೇಳುವಷ್ಟು ಧೈರ್ಯಶಾಲಿಯಾಗಿರುತ್ತಾನೆ. ಮೂರು ಕೋಶಗಳ ಪ್ಯಾಕೆಂದರೆ ಮೂವರು ಓರಗಿತ್ತಿಯರ ಮನೆ. ಹೊರಗಿನವರಿಗೆ ಕಾಣುವ 12.6 ವೋಲ್ಟಿನ ಒಟ್ಟು ಲೆಕ್ಕ ಸರಿಯಿದ್ದರೂ ಒಳಗೆ ಒಬ್ಬಳ ಪಾಲು 4.35, ಉಳಿದಿಬ್ಬರದು 4.15 ಮತ್ತು 4.10 ಆಗಿರಬಹುದು, ಆದರೆ ಸಾಮಾನ್ಯ ಕೋಶಕ್ಕೆ 4.2 ವೋಲ್ಟೇ ಮಿತಿಯಾದ್ದರಿಂದ ಮೊದಲನೆಯವಳು ಮುಖ ಊದಿಸಿಕೊಳ್ಳುತ್ತಾಳೆ, ಕೆಲವೊಮ್ಮೆ ಅಕ್ಷರಶಃ ಹೊತ್ತಿ ಉರಿಯುತ್ತಾಳೆ. ಪ್ರತಿಯೊಂದು ಕೋಶವನ್ನೂ ಬೇರೆಬೇರೆಯಾಗಿ ಅಳೆದು ಸರಿದೂಗಿಸುವ ಕ್ರಿಯೆಗೆ ಬ್ಯಾಲೆನ್ಸಿಂಗ್ ಎಂದು ಹೆಸರು. ಪ್ಯಾಕಿನಿಂದ ಹೊರಟ ತೆಳು ತಂತಿಗಳ ತುದಿಯಲ್ಲಿರುವ ಪುಟ್ಟ ಬಿಳಿ ಕನೆಕ್ಟರ್ ಇರುವುದು ಇದಕ್ಕಾಗಿಯೇ ಹೊರತು ಅಲಂಕಾರಕ್ಕಲ್ಲ. 2200 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಪ್ಯಾಕನ್ನು ಚಾರ್ಜ್ ಮಾಡಲು 2.2 ಆಂಪಿಯರ್ ಸಾಕಾಗಿದ್ದು, ಸಾಮರ್ಥ್ಯಕ್ಕೆ ಸರಿಸಮನಾದ ಈ ವೇಗವನ್ನೇ ‘1 ಸಿ’ ಎನ್ನುತ್ತಾರೆ. ಅವಸರದವರು ಇದನ್ನು ಏರಿಸಿ ಅರ್ಧ ಗಂಟೆ ಉಳಿಸುತ್ತಾರೆ, ಕಿಟಕಿಯ ಪರದೆಯನ್ನು ಬೆಂಕಿಗೆ ಕಳೆದುಕೊಳ್ಳುತ್ತಾರೆ. ಬಳಸದ ದಿನಗಳಲ್ಲಿ ಕೋಶವೊಂದಕ್ಕೆ ಸುಮಾರು 3.8 ವೋಲ್ಟ್ ಉಳಿಸಿಟ್ಟರೆ ಬ್ಯಾಟರಿ ಬಾಳುತ್ತದೆ. ಚಾರ್ಜ್ ಮಾಡುವಾಗ ಎದುರಿಗೇ ಕುಳಿತಿರಬೇಕು, ಕೆಳಗೆ ಹೆಂಚೋ ಕಲ್ಲೋ ಇರಬೇಕು. ಉಬ್ಬಿದ ಪ್ಯಾಕನ್ನಂತೂ ಯಾವ ಚಾರ್ಜರಿಗೂ ಸಿಕ್ಕಿಸಕೂಡದು.