ಹೊಸ್ತಿಲಾಚೆಯ ಆಸ್ತಿ

ನಮ್ಮ ಗುರುಮಠಕಲ್ ಕಡೆಯ ಮಂದಿ ಎತ್ತು ಕೊಳ್ಳುವುದನ್ನು ನೋಡಬೇಕು. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾರೆ, ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮುರಿಯುತ್ತಾರೆ. ಅದೇ ಮನುಷ್ಯ ಬೂಟಿನ ಅಂಗಡಿಗೆ ಹೋದರೆ ಅವನ ಬಾಯಲ್ಲಿ ಎರಡೇ ಪ್ರಶ್ನೆ: ಎಷ್ಟು, ಮತ್ತೆ ಕಡೀಕ ಎಷ್ಟಕ್ಕೆ ಕೊಡ್ತಿ. ಚರ್ಮ ದನದ ಮೈಮೇಲಿರುವತನಕ ನಮಗಿದ್ದ ಅಷ್ಟೂ ವಿದ್ಯೆ, ಅದು ಗಾಜಿನ ಕಪಾಟು ಏರಿದ ಕೂಡಲೇ ಎಲ್ಲಿ ಮಾಯವಾಗುತ್ತದೋ!

ನಾನೂ ಅದೇ ಪೈಕಿ. ಹೈಸ್ಕೂಲು ಮಾಸ್ತರಿಕೆ ಮುಗಿಯುವತನಕ ಬಜಾರಿನಲ್ಲಿ ಸಿಕ್ಕ ರಬ್ಬರು, ರೆಕ್ಸಿನ್ನು, ಪ್ಲಾಸ್ಟಿಕ್ಕು ಯಾವುದಾದರೂ ಕಾಲಿಗೆ ನಡೆಯುತ್ತಿತ್ತು. ನಿವೃತ್ತಿಯಾದದ್ದೇ ತಡ, ಮುಂಜಾನೆ ಹಿಮ್ಮಡ ನೆಲಕ್ಕೆ ತಾಗಿದರೆ ಜೀವ ಚುರ್ ಅನ್ನತೊಡಗಿತು. ಯಾದಗಿರಿಯ ಡಾಕ್ಟರು ಎಕ್ಸ್‌ರೇ ನೋಡುವ ಮೊದಲು ಬಾಗಿಲ ಹೊರಗೆ ಹೋಗಿ ನನ್ನ ಚಪ್ಪಲಿ ನೋಡಿ ಬಂದರು. ‘ಇವನ್ನ ಮೊದಲ ಒಗೀರಿ. ಗುಳಿಗಿ ಆಮ್ಯಾಲ ಬರದು ಕೊಡ್ತೀನಿ’ ಅಂದರು. ಪುಣೆಯ ಮಗ ಫೋನಿನಲ್ಲಿ, ‘ಅಪ್ಪಾ, ಈ ಸಲ ಒಂದು ಚಲೋ ಲೆದರ್ ಬೂಟೇ ತಗೋ, ರೊಕ್ಕದ ಮುಖ ನೋಡಬ್ಯಾಡ’ ಎಂದ. ಹೀಗೆ ಹೇಳುವ ಮಗನ ರೊಕ್ಕದ ಮುಖವನ್ನು ತಂದೆ ಹೇಗೂ ನೋಡಿರುವುದಿಲ್ಲ.

ನಮಗೆ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ನಿಜಾಮರು ಹೋಗಿ, ಭಾಷಾವಾರು ಪ್ರಾಂತ್ಯವಾಗಿ ಇಷ್ಟು ವರ್ಷವಾದರೂ ಮದುವೆಯ ಜವಳಿ, ದೊಡ್ಡ ದವಾಖಾನೆ, ಒಳ್ಳೆಯ ಬೂಟು ಅಂದರೆ ಹಳೆಯ ಮಂದಿ ಅತ್ತಲೇ ಮುಖ ಮಾಡುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿ ನಾರಾಯಣಪೇಟೆ ದಾಟಿದರೆ ಮಧ್ಯಾಹ್ನದ ಬಿರಿಯಾನಿ ಹೊತ್ತಿಗೆ ಅಲ್ಲಿರಬಹುದು. ಬೂಟು ಕೊಳ್ಳಲು ಸರಿಯಾದ ಹೊತ್ತೂ ಅದರ ನಂತರದ್ದೇ. ದಿನವಿಡೀ ನಡೆದ ಕಾಲು ಸಂಜೆಗೆ ಕೊಂಚ ಊದಿಕೊಳ್ಳುತ್ತದೆ. ಬೆಳಗಿನ ತೆಳ್ಳಗಿನ ಕಾಲಿಗೆ ಹೊಂದಿದ ಬೂಟು ಸಂಜೆ ಕಡಿಯುತ್ತದೆ.

ಅಂಗಡಿಯ ಹುಡುಗ ನನ್ನ ಮುಖ ನೋಡಿದ್ದೇ ಜೇಬಿನಿಂದ ಲೈಟರು ತೆಗೆದ. ‘ಅಸಲೀ ಲೆದರ್ ಸಾಬ್’ ಎಂದು ಬೂಟಿನ ಹಿಂಭಾಗಕ್ಕೆ ಉರಿ ಹಿಡಿದು ತೋರಿಸಿದ. ಬೂಟು ಸುಡಲಿಲ್ಲ, ನಿಜ. ಆದರೆ ಬೂಟು ಹಾಕಿಕೊಂಡು ನಾನು ಕೊಂಡ ಹಾಯಲು ಹೊರಟಿರಲಿಲ್ಲ. ಅವನ ಕೈಯಿಂದ ಬೂಟು ಇಸಿದುಕೊಂಡು ನಮ್ಮೂರಿನ ಪದ್ಧತಿಯಲ್ಲಿ ಪರೀಕ್ಷೆಗೆ ಇಳಿದೆ. ಮೂಸಿದೆ. ಹೆಬ್ಬೆರಳಿನಿಂದ ಒತ್ತಿದೆ: ಒಳ್ಳೆಯ ಚರ್ಮ ಒತ್ತಿದಲ್ಲಿ ಸಣ್ಣ ಸಣ್ಣ ನೆರಿಗೆ ಬಿಟ್ಟು, ಕೈ ತೆಗೆದರೆ ಮತ್ತೆ ನುಣ್ಣಗಾಗುತ್ತದೆ, ರೆಕ್ಸಿನ್ನು ಒಂದೇ ಗೆರೆಗೆ ಮಡಚಿಕೊಳ್ಳುತ್ತದೆ. ಕತ್ತರಿಸಿದ ಅಂಚು ನೋಡಿದೆ: ಚರ್ಮವಾದರೆ ಅಲ್ಲಿ ಎಳೆ ಎಳೆಯಾಗಿ ನಾರು ಕಾಣಬೇಕು, ಬಟ್ಟೆಯ ನೇಯ್ಗೆ ಕಂಡರೆ ಕೆಳಗಿಟ್ಟು ನಮಸ್ಕಾರ ಹೇಳಬೇಕು. ಹುಡುಗ ಬೂಟಿಗೂ ಹಲ್ಲು ಎಣಿಸುತ್ತಾರೇನೋ ಎಂಬಂತೆ ನೋಡುತ್ತ ನಿಂತ.

ಇದರಲ್ಲಿ ಇನ್ನೊಂದು ಮಸಲತ್ತಿದೆ. ‘ಶುದ್ಧ ಚರ್ಮ’ ಎಂದು ಒತ್ತಿದ ಮುದ್ರೆ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ದಪ್ಪ ತೊಗಲನ್ನು ಯಂತ್ರದಲ್ಲಿ ಪದರ ಪದರವಾಗಿ ಸೀಳುತ್ತಾರೆ. ಕೂದಲಿದ್ದ ಮೇಲ್ಪದರವೇ ಗಟ್ಟಿ. ವರ್ಷಗಟ್ಟಲೆ ಬಾಳುವುದು, ಹಳತಾದಷ್ಟೂ ಮುಖಕ್ಕೆ ಕಳೆ ಬರುವುದು ಅದೇ. ಒಳಪದರ ಸಡಿಲ. ಅದರ ಮೇಲೆ ಬಣ್ಣದ ಪ್ಲಾಸ್ಟಿಕ್ ಲೇಪ ಎಳೆದರೆ ಅದೂ ಚರ್ಮವೇ, ಮುದ್ರೆಗೂ ಅಡ್ಡಿಯಿಲ್ಲ. ಎರಡು ಮಳೆಗಾಲದಲ್ಲಿ ಹೊಟ್ಟಿನ ಹಾಗೆ ಸುಲಿದು ಬರುತ್ತದೆ. ದನದ ಮೈಮೇಲಿದ್ದ ಗೀರು, ಉಣ್ಣೆ ಕಡಿದ ಕಲೆ ಬೂಟಿನ ಮೇಲೆ ಅಲ್ಲಲ್ಲಿ ಸಣ್ಣಗೆ ಕಂಡರೆ ನಾನಂತೂ ಸಂತೋಷಪಡುತ್ತೇನೆ. ಗೋಡೆಗೆ ಬಣ್ಣ ಹೊಡೆದಂತೆ ಒಂದೇ ಸಮ ಮಿಂಚುವುದು ಅನುಮಾನಕ್ಕೆ ಜಾಗ.

ತಳದ ವಿಚಾರವೂ ಅಷ್ಟೇ. ಅಂಟು ಹಚ್ಚಿದ ತಳ ಬಿಚ್ಚಿದರೆ ಬೂಟು ಸತ್ತ ಹಾಗೆ. ಮೇಲಿನ ಚರ್ಮಕ್ಕೂ ತಳಕ್ಕೂ ನಡುವೆ ಸುತ್ತಲೂ ಒಂದು ಪಟ್ಟಿ ಕೊಟ್ಟು ಹೊಲಿದದ್ದಾದರೆ, ತಳ ಸವೆದಾಗ ಅಷ್ಟನ್ನೇ ಬಿಚ್ಚಿ ಹೊಸ ಅಟ್ಟೆ ಹಾಕಬಹುದು. ಆ ಹೊಲಿಗೆಗೆ ಗುಡ್‌ಇಯರ್ ಹೊಲಿಗೆ ಎನ್ನುತ್ತಾರೆ. ರಬ್ಬರನ್ನು ಗಂಧಕದಲ್ಲಿ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಹಿಡಿದ ಅಮೆರಿಕದ ಗುಡ್‌ಇಯರ್‌ನ ಮಗ 1870ರ ದಶಕದಲ್ಲಿ ಅದರ ಯಂತ್ರ ಬಳಕೆಗೆ ತಂದ. ಅಪ್ಪ ರಬ್ಬರಿಗೆ ದಾರಿ ಮಾಡಿಕೊಟ್ಟ, ಮಗ ಚರ್ಮ ಉಳಿಸಿದ. ಮನೆತನ ಅಂದರೆ ಹೀಗಿರಬೇಕು.

ಇನ್ನು ಅಳತೆ. ಇಂಗ್ಲೆಂಡಿನವರು ತಮ್ಮ ಕಾಲನ್ನು ಜವೆಗೋಧಿ ಕಾಳಿನಲ್ಲಿ ಅಳೆದವರು. ಒಂದು ಕಾಳು ಅಂದರೆ ಮೂರರಲ್ಲೊಂದು ಅಂಗುಲ. ಏಳಕ್ಕೂ ಎಂಟಕ್ಕೂ ಇಂದಿಗೂ ಅಷ್ಟೇ ಅಂತರ. ನಮ್ಮ ಬಿಳಿಜೋಳದಲ್ಲಿ ಅಳೆದಿದ್ದರೆ ಇಷ್ಟು ಹೊತ್ತಿಗೆ ನನ್ನದು ಅರವತ್ತರ ಸೈಜು. ಸಂಕಟ ಉದ್ದದ್ದಲ್ಲ, ಅಗಲದ್ದು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಪರಸಿ ಕಲ್ಲು, ಹೊಲ, ಹಳ್ಳ ತುಳಿದ ಪಾದ ಬೆರಳು ಬಿಟ್ಟುಕೊಂಡು ಆರಾಮಾಗಿ ಕುಳಿತಿರುತ್ತದೆ. ಬೂಟು ಬಂದು ‘ಜರಾ ಸರೀರಿ’ ಅಂದರೆ ಸರಿಯುವುದಿಲ್ಲ. ಇದು ನನ್ನೊಬ್ಬನ ದೂರಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಲ್ಲಿ ಅಳೆದು, ನಮ್ಮವರ ಕಾಲು ಅಗಲವೆಂದೂ, ನಮಗೆ ‘ಭಾ’ ಎಂಬ ನಮ್ಮದೇ ಅಳತೆ ಬೇಕೆಂದೂ ಹೇಳಿದ್ದಾರೆ. ಅಂಗಡಿಗಳಲ್ಲಿ ಅಗಲ ಸಾಲದಿದ್ದಾಗ ನಮ್ಮವರು ಒಂದು ನಂಬರು ಉದ್ದದ್ದು ಕೊಳ್ಳುತ್ತಾರೆ. ಬೆರಳಿಗೆ ಸುಖ, ಹಿಮ್ಮಡ ಮಾತ್ರ ಒಳಗೆ ಉಯ್ಯಾಲೆ ಆಡುತ್ತದೆ. ಹಾಗೆ ಮಾಡಬಾರದು. ಹೆಬ್ಬೆರಳಿನ ಬುಡದ ಗಂಟು ಬೂಟಿನ ಅತಿ ಅಗಲದ ಜಾಗದಲ್ಲೇ ಕೂರಬೇಕು, ಮುಂದೆ ಹೆಬ್ಬೆರಳಗಲ ಖಾಲಿ ಇರಬೇಕು, ದೊಡ್ಡ ಕಾಲನ್ನು ಮೊದಲು ಕೇಳಬೇಕು. ಬಹುತೇಕರಿಗೆ ಒಂದು ಕಾಲು ಇನ್ನೊಂದಕ್ಕಿಂತ ಕೊಂಚ ದೊಡ್ಡದೇ.

ಪಾದರಕ್ಷೆ ಯಾರ ಕಾಲಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹನ್ನೆರಡನೆಯ ಶತಮಾನದ್ದು. ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಜೋಡು ಮಾಡಿ ತಂದಾಗ, ನನ್ನ ಕಾಲಿಗೆ ಇದು ಸಲ್ಲದು ಎಂದು ಬಸವಣ್ಣನವರು ತಲೆಯ ಮೇಲೆ ಇಟ್ಟುಕೊಂಡರು. ದರ್ಪದಿಂದ ಮೆಟ್ಟಿದ ಮಧುವರಸನ ಮೈಗೆ ಉರಿ ಹತ್ತಿತು ಎನ್ನುತ್ತದೆ ಜನರ ಕಥೆ. ಆ ಅಳತೆಗೋಲು ಯಾವ ಅಂಗಡಿಯಲ್ಲೂ ಇಲ್ಲ, ಇದ್ದಿದ್ದರೆ ವ್ಯಾಪಾರ ನಡೆಯುತ್ತಿರಲಿಲ್ಲ.

ನಮ್ಮ ಮುತ್ಯಾನ ಕೆರ ಊರಿನ ಸಮಗಾರರೇ ಮಾಡಿಕೊಟ್ಟದ್ದು. ರೊಕ್ಕವಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದರು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಪದರದ ಮೇಲೆ ಪದರ ಅಟ್ಟೆ, ಮೇಲೆ ಔಡಲ ಎಣ್ಣೆ ಕುಡಿದು ಕುಡಿದು ಕರ್ರಗಾದ ಬಣ್ಣ. ಮುತ್ಯಾ ಬರುವುದು ಓಣಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಹಳ್ಳ ಬಂದರೆ ಕೆರ ಕೈಗೆ, ಮುಳ್ಳು ಬಂದರೆ ಕಾಲಿಗೆ. ಕೆಸರು ಬಂದರೆ ಮತ್ತೆ ಕೈಗೆ. ಲೆಕ್ಕ ಹಾಕಿದರೆ ಕೆರ ಮುತ್ಯಾನನ್ನು ಕಾಯ್ದದ್ದಕ್ಕಿಂತ ಮುತ್ಯಾ ಕೆರವನ್ನು ಕಾಯ್ದದ್ದೇ ಹೆಚ್ಚು. ಆದರೆ ಆ ಕೆರ ಹೊಲಿದವರು ಗೌಡರ ಓಣಿ ದಾಟುವಾಗ ತಮ್ಮ ಕಾಲಲ್ಲಿದ್ದುದನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಇದರಲ್ಲಿ ನಗುವಂಥದ್ದು ಏನೂ ಇಲ್ಲವಾದ್ದರಿಂದ ಮುಂದೆ ಹೋಗುತ್ತೇನೆ.

ಆ ಕೆರದ ದಾಯಾದಿಯೇ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಶನ್ ಮೇಳದಲ್ಲಿ ಅಂಥದೇ ಚಪ್ಪಲಿ ಮೆಟ್ಟಿಸಿ ಹುಡುಗರನ್ನು ನಡೆಸಿತು. ಹೆಸರು ಹೇಳಲಿಲ್ಲ ಎಂದು ಇಲ್ಲಿ ಗದ್ದಲವಾಯಿತು. ಡಿಸೆಂಬರ್ ಹೊತ್ತಿಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಕೂತು, ಇಲ್ಲೇ 2,000 ಜೋಡಿ ಮಾಡಿಸುವ ಒಪ್ಪಂದವೂ ಆಯಿತು. ರೇಟು ಸುಮಾರು 800 ಯೂರೋ ಎಂದು ಪತ್ರಿಕೆಯಲ್ಲಿ ಓದಿ ನನ್ನ ಹೆಂಡತಿ ಕೇಳಿದಳು: ‘ಮುತ್ಯಾನ ಕೆರ ಎಲ್ಲಿ ಹೋದ್ವುರಿ?’

ನನ್ನ ಬೂಟು ಮನೆಗೆ ಬಂತು. ಬಂದು ಮಾಡಿದ ಮೊದಲ ಕೆಲಸ, ಬಲಗಾಲಿನ ಕಿರುಬೆರಳಿಗೆ ಗುಳ್ಳೆ ಎಬ್ಬಿಸಿದ್ದು. ಬಸ್‌ಸ್ಟ್ಯಾಂಡಿನ ಹತ್ತಿರ ಹರಕು ಛತ್ರಿಯ ನೆರಳಲ್ಲಿ ಕೂರುವ ಹಿರಿಯರೊಬ್ಬರಿದ್ದಾರೆ, ಊರಿಗೆಲ್ಲ ಕಾಕಾ. ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟರು: ‘ಬೂಟು ಚಲೋ ಅದರಿ ಸರಾ. ನಿಮ್ಮ ಕಾಲೇ ಅದಕ್ಕ ಹೊಂದಲತ್ತಿಲ್ಲ.’

‘ಕಾಲು ಬದಲಿ ಮಾಡಲಿಕ್ಕೆ ಬರ್ತದೇನು ಕಾಕಾ?’

‘ಅದು ನನ್ನ ಕೆಲಸಲ್ಲ. ತೊಗಲು ಉದ್ದಕ್ಕ ಎಳೀಲಿಕ್ಕೆ ಬರಂಗಿಲ್ಲ, ಅಗಲಕ್ಕ ಬರ್ತದ. ಕುಂದರ್ರಿ.’

ಒದ್ದೆ ಬಟ್ಟೆಯಿಂದ ಬೂಟಿನ ಒಳಗೆ ಆ ಒಂದೇ ಜಾಗ ನೆನೆಸಿದರು. ಕಟ್ಟಿಗೆಯ ಅಚ್ಚಿಗೆ ಕಿರುಬೆರಳು ಬರುವಲ್ಲಿ ತೊಗಲಿನ ಚಿಕ್ಕ ತುಂಡೊಂದನ್ನು ರಂಪಿಗೆಯಿಂದ ಕೆತ್ತಿ ಮೊಳೆ ಹೊಡೆದು, ಅಚ್ಚನ್ನು ಒಳಗೆ ತುರುಕಿ, ಸುತ್ತಿಗೆಯ ಹಿಡಿಯಿಂದ ಹೊರಗಡೆ ಸಣ್ಣಗೆ ತಟ್ಟುತ್ತ ಕೂತರು. ‘ನಾಳಿ ಬರ್ರಿ’ ಅಂದರು. ಮರುದಿನ ಬಲಗಾಲಿನ ಬೂಟಿಗೆ ಕಡಲೆಕಾಳಿನಷ್ಟು ಉಬ್ಬು ಬಂದಿತ್ತು, ನೋವು ಹೋಗಿತ್ತು. ಕೂಲಿ ಕೇಳಿ ನಾಚಿಕೆಯಾಯಿತು. ನಮ್ಮ ಊರಿಗೂ ಈ ಕಸುಬಿಗೂ ಸರಕಾರಿ ನಂಟೂ ಒಂದಿದೆ: 1972ರಿಂದ ಎಂಟು ಸಲ ಇಲ್ಲಿಂದಲೇ ಗೆದ್ದ ಮಲ್ಲಿಕಾರ್ಜುನ ಖರ್ಗೆಯವರು ಆ ದಶಕದಲ್ಲೇ ರಾಜ್ಯದ ಚರ್ಮೋದ್ಯಮ ನಿಗಮದ ಅಧ್ಯಕ್ಷರಾಗಿದ್ದರು, ಚಮ್ಮಾರರಿಗೆ ಕೆಲಸದ ಕೋಣೆ ಸಹಿತದ ಮನೆಗಳು ಆಗ ರಾಜ್ಯದಲ್ಲಿ ಎದ್ದವು. ಕಾಕಾನ ಛತ್ರಿ ಮಾತ್ರ ಸ್ವಂತದ್ದು.

ಬೂಟಿನ ಆರೈಕೆ ಕಲಿಸಿದವರೂ ಅವರೇ. ಧೂಳಿನ ಮೇಲೆ ಪಾಲಿಶು ಹಚ್ಚಿದರೆ ಉಸುಕಿನ ಕಾಗದ ತಿಕ್ಕಿದ ಹಾಗೆ, ಆದ್ದರಿಂದ ಮೊದಲು ಬ್ರಶ್ಶು, ಆಮೇಲೆ ಹಸಿ ಬಟ್ಟೆ, ಆಮೇಲೆ ಪಾಲಿಶು. ಅದೂ ಬಟ್ಟೆಗೆ ತಾಗಿತೋ ಇಲ್ಲವೋ ಅನ್ನುವಷ್ಟೇ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಬೇಕು. ಮಳೆಯಲ್ಲಿ ತೊಯ್ದರೆ ಒಳಗೆ ಹಳೆಯ ಪೇಪರು ತುರುಕಿ ನೆರಳಲ್ಲಿ ಇಡಬೇಕು. ‘ಬಿಸಲಾಗ ಇಟ್ರ ತೊಗಲು ಸೆಟೀತದ.’ ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ಮನುಷ್ಯರೇ ಸೆಟೆಯುತ್ತಾರೆ. ಒಂದು ದಿನ ಹಾಕಿದ ಬೂಟಿಗೆ ಮರುದಿನ ರಜೆ ಕೊಡಬೇಕು, ಒಳಗಿನ ಬೆವರು ಆರಬೇಕು. ಇದನ್ನು ಮನೆಯಲ್ಲಿ ಹೇಳಿದಾಗ, ‘ಬೂಟಿಗೂ ರಜಾ ಅದ ಅಂತ ಆತು. ನನಗೊಂದು ಇಲ್ಲ’ ಎಂಬ ಉತ್ತರ ಬಂತು.

ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಬೇಕು. ನಮ್ಮ ಪಕ್ಕದ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಗೆ ಚೇಳಿನ ಜಾತ್ರೆ. ಮಂದಿ ಕಲ್ಲೆತ್ತಿ ಚೇಳು ಹಿಡಿದು ಅಂಗೈ, ಮುಖದ ಮೇಲೆಲ್ಲ ಬಿಟ್ಟುಕೊಳ್ಳುತ್ತಾರೆ. ಆ ದಿನ ದೇವಿಯ ದಯೆಯಿಂದ ಕಚ್ಚುವುದಿಲ್ಲ ಎಂಬ ನಂಬಿಕೆ. ಬೂಟಿನೊಳಗಿನ ಚೇಳಿಗೆ ಪಂಚಾಂಗ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಉಪಚಾರದ ಈ ವಸ್ತುವಿಗೆ ನಮ್ಮಲ್ಲಿ ಒಳಗೆ ಪ್ರವೇಶವಿಲ್ಲ. ನಮ್ಮೂರಿನ ಖಾಸಾಮಠ, ಗುಡಿ, ದರ್ಗಾ, ಬೀಗರ ಮನೆ, ಕೆಲವು ಡಾಕ್ಟರ ಕೋಣೆ ಎಲ್ಲ ಕಡೆ ಹೊಸ್ತಿಲ ಹೊರಗೇ ಬಿಡಬೇಕು. ಲೇಸು ಬಿಚ್ಚಿ ಕಟ್ಟುವುದರಲ್ಲಿ ಅರ್ಧ ದಿನ. ಕೊರಳಲ್ಲಿ ತೊಲ ಬಂಗಾರ ಹಾಕಿಕೊಂಡು ಒಳಗೆ ಹೋಗಬಹುದು, ಬೂಟು ಮಾತ್ರ ದೇವರ ಮೇಲೆ ಭಾರ ಹಾಕಿ ಹೋಗಬೇಕು. ಬಲದ್ದನ್ನು ಒಂದು ಮೂಲೆಗೆ, ಎಡದ್ದನ್ನು ಇನ್ನೊಂದು ಮೂಲೆಗೆ ಬಿಡುವ ಜಾಣರಿದ್ದಾರೆ. ಕಳ್ಳನಿಗೆ ಜೋಡಿ ಸಿಗಬಾರದು ಅಂತ.

ಹೋದ ಸುಗ್ಗಿಯಲ್ಲಿ ಬಳಗದ ಒಂದು ಮದುವೆ. ಹಿಂದಿ ಸಿನಿಮಾ ನೋಡಿ ನಮ್ಮ ಹುಡುಗಿಯರೂ ಮದುಮಗನ ಬೂಟು ಬಚ್ಚಿಟ್ಟು ರೊಕ್ಕ ಕೇಳುವ ಆಟ ಕಲಿತಿದ್ದಾರೆ. ಅಕ್ಷತೆ ಮುಗಿದು ಹೊರಗೆ ಬಂದರೆ ನನ್ನ ಬೂಟಿಲ್ಲ. ಮಂಟಪದ ಹತ್ತಿರ ಜೋರು ಚೌಕಾಸಿ ನಡೆದಿತ್ತು. ಚಪ್ಪಲಿ ರಾಶಿಯಲ್ಲಿ ಎಲ್ಲಕ್ಕಿಂತ ಮಿಂಚುತ್ತಿದ್ದವು ಮದುಮಗನವೇ ಇರಬೇಕೆಂದು ಹುಡುಗಿಯರು ನನ್ನವನ್ನು ಎತ್ತಿದ್ದರು! ಗಂಡಿನ ಕಡೆಯವರು ಎರಡು ಸಾವಿರಕ್ಕೆ ಬಂದಿದ್ದರು, ಹುಡುಗಿಯರು ಐದಕ್ಕೆ ನಿಂತಿದ್ದರು. ಮದುಮಗನ ಬೂಟು ಹೊರಗೆ ಬಿಟ್ಟಲ್ಲೇ ಧೂಳು ಹೊತ್ತು ಕೂತಿತ್ತು.

‘ಯವ್ವಾ, ಅವು ನನ್ನವ’ ಎಂದೆ.

ಮುಂದಾಳು ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಗುರ್ತ ಏನ್ರಿ ಮಾಮಾ?’

‘ಬಲಗಾಲಿಂದು ನೋಡು, ಕಿರುಬೆರಳ ಹಂತ್ಯಾಕ ಕಡಲಿಕಾಳಿನಷ್ಟು ಉಬ್ಬಿರಬೇಕು.’

ನೋಡಿದಳು. ಗೆಳತಿಯರಿಗೂ ತೋರಿಸಿದಳು. ಒಳಗೊಳಗೇ ಏನೋ ಮಾತಾಡಿಕೊಂಡರು. ಆಮೇಲೆ ಬೂಟನ್ನು ಬೆನ್ನ ಹಿಂದೆ ಹಿಡಿದು, ‘ಗುರ್ತ ಬರೊಬ್ಬರಿ ಅದ ಮಾಮಾ. ನಿಮಗಾದ್ರ ಮೂರು ಸಾವಿರಕ್ಕ ಬಿಡ್ತೀವಿ’ ಎಂದಳು.