ಖಾಲಿ ಸೈಟಿಗೆ ಕಳೆನಾಶಕ ಹೊಡೆಸುವವರಿಗೆ ಒಂದು ಬಹಿರಂಗ ಪತ್ರ

ಬಡಾವಣೆಗಳ ನಿವಾಸಿ ಸಂಘಗಳ ಪದಾಧಿಕಾರಿಗಳೇ,

ಮಳೆ ನಿಂತ ಮೇಲೆ ಖಾಲಿ ಸೈಟುಗಳಿಗೆಲ್ಲ ಕಳೆನಾಶಕ ಹೊಡೆಸುತ್ತೀರಿ. ಹಾವಿನ ಭಯ ಎಲ್ಲರಿಗೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಹೊಡೆಸುವ ಮುನ್ನ ಒಮ್ಮೆ ಬಗ್ಗಿ ನೋಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಅಲ್ಲಿ ಹಗಲಲ್ಲೇ ಹಾರುವ ಪುಟ್ಟ ಪತಂಗವೊಂದಿದೆ. ರೆಕ್ಕೆ ಬಿಚ್ಚಿದರೆ ಮೂರು-ನಾಲ್ಕು ಸೆಂಟಿಮೀಟರ್. ಕೆನೆಬಿಳಿಯ ಮುಂದಿನ ರೆಕ್ಕೆಗಳ ಮೇಲೆ ಸಾಲುಸಾಲು ಕರಿಚುಕ್ಕೆ, ನಡುನಡುವೆ ಕುಂಕುಮಗೆಂಪು ಮಚ್ಚೆ. ಹಿಂದಿನ ರೆಕ್ಕೆ ಬಿಳಿ, ಅಂಚಿನಲ್ಲಿ ಮಾತ್ರ ಅಂಕುಡೊಂಕಾದ ಕಪ್ಪು. 1758ರಲ್ಲೇ ಜೀವವಿಜ್ಞಾನಿ ಲಿನೇಯಸ್ ದಾಖಲಿಸಿದ ಈ ಜೀವಿಯ ಈಗಿನ ಶಾಸ್ತ್ರೀಯ ಹೆಸರು ಯುಟೆಥೀಸಾ ಪುಲ್ಚೆಲ್ಲಾ. ಆಫ್ರಿಕಾ, ದಕ್ಷಿಣ ಯುರೋಪಿನಿಂದ ಭಾರತದವರೆಗೆ ಇದರ ನೆಲೆ. ವಲಸೆ ಹೊರಟಾಗ ಇಂಗ್ಲೆಂಡಿಗೂ ತಲುಪುತ್ತದೆ.

ಇಷ್ಟು ದೂರ ಹಾರಬಲ್ಲ ಪತಂಗದ ಮರಿಹುಳುವಿಗೆ ಬೇಕಾದದ್ದು ನೀವು ಕಳೆ ಎನ್ನುವ ಗಿಡಗಳೇ: ಚೇಳುಕೊಂಡಿ, ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಸೆಣಬಿನ ಜಾತಿಯವು. ಬೂದುಗಪ್ಪು ಮೈ, ಬೆನ್ನಿಗೆ ಬಿಳಿ ಪಟ್ಟೆ, ಅಡ್ಡಕ್ಕೆ ಕಿತ್ತಳೆ ಗೀರುಗಳಿರುವ ಈ ಹುಳು ಎಲೆಯ ಜೊತೆಗೆ ಕಾಯಿ ಕೊರೆದು ಕಾಳನ್ನೂ ತಿನ್ನುತ್ತದೆ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದ ರೈತರಿಗೆ ಇದು ಪೀಡೆ, ನಿಜ. ಖಾಲಿ ಸೈಟಿನಲ್ಲಿ ಅದು ಹಾಳುಮಾಡುವ ಬೆಳೆ ಯಾವುದೂ ಇಲ್ಲ.

ಈ ಗಿಡಗಳಲ್ಲಿ ದನಗಳ ಲಿವರ್ ಕೆಡಿಸುವಂಥ ವಿಷವಿದೆ. ಹುಳು ಅದನ್ನೇ ಉಂಡು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ; ಪತಂಗವಾದ ಮೇಲೂ ಅದೇ ವಿಷ ಕಾಯುತ್ತದೆ. ಆ ಕೆಂಪು ಮಚ್ಚೆಗಳು ಹಕ್ಕಿಗಳಿಗೆ ಎಚ್ಚರಿಕೆ. ಇದರ ಅಮೆರಿಕದ ಸಂಬಂಧಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅವರು ಕಂಡಂತೆ, ಬಲೆಗೆ ಬಿದ್ದ ಆ ಪತಂಗವನ್ನು ಜೇಡ ಮುಟ್ಟಿ ನೋಡಿ, ಸುತ್ತಲ ಎಳೆಗಳನ್ನು ತಾನೇ ಕತ್ತರಿಸಿ ಬಿಟ್ಟುಬಿಡುತ್ತದೆ. ಗಂಡು ಕೂಡುವಾಗ ತನ್ನ ವಿಷದಲ್ಲೊಂದು ಪಾಲನ್ನು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ದಾಟಿಸುತ್ತದೆ. ಜೇಡನ ಬಾಯಿಂದ ಉಳಿಸುವ ಈ ಏರ್ಪಾಡು ಕಳೆನಾಶಕದ ಮುಂದೆ ನಡೆಯುವುದಿಲ್ಲ. ಗಿಡ ಒಣಗಿದರೆ ಮರಿಗೆ ಊಟವೂ ಇಲ್ಲ, ರಕ್ಷಣೆಯೂ ಇಲ್ಲ.

ಹಾಗಾಗಿ ನನ್ನ ಮನವಿ ಇಷ್ಟು. ಓಡಾಡುವ ದಾರಿಯ ಬದಿ, ಮನೆಗಳ ಕಾಂಪೌಂಡಿನ ಪಕ್ಕ ಕುಡುಗೋಲಿನಲ್ಲಿ ಸವರಿಸಿ. ಪಾರ್ಥೇನಿಯಂ ಇದ್ದರೆ ಹೂಬಿಡುವ ಮೊದಲೇ ಬೇರುಸಹಿತ ಕೀಳಿಸಿ, ಆ ಕೆಲಸಕ್ಕೆ ನಾನೂ ಬರುತ್ತೇನೆ. ಉಳಿದ ಗಿಡಗಳನ್ನು ಬೀಜ ಉದುರುವವರೆಗೆ ಬಿಡಿ. ಮುಂದಿನ ಸಭೆಯಲ್ಲಿ ಕಳೆನಾಶಕದ ಖರ್ಚಿಗೆ ಒಪ್ಪಿಗೆ ಕೊಡುವ ಮೊದಲು ಈ ಮನವಿಯನ್ನು ಚರ್ಚೆಗೆ ತನ್ನಿ.

ಇತಿ,
ಬಡಾವಣೆಯ ಒಬ್ಬ ನಿವಾಸಿ